ಸರ್ಟಿಫಿಕೇಟು ಕೊಟ್ಟ ಮೇಲೆ

ನಮ್ಮ ಊರುಗಳಲ್ಲಿ ನಡೆಯುವ ಉಚಿತ ಹೊಲಿಗೆ ತರಬೇತಿಗಳ ಸಮಾರೋಪಕ್ಕೆ ಒಂದು ಸಿದ್ಧ ಮಾದರಿಯಿದೆ. ಶಾದಿಮಹಲಿನ ವೇದಿಕೆ, ಹಿಂದೊಂದು ಫ್ಲೆಕ್ಸು, ಮುಂದೆ ಸಾಲಾಗಿ ಜೋಡಿಸಿಟ್ಟ ಹೊಲಿಗೆ ಯಂತ್ರಗಳು. ಅತಿಥಿಗಳು ತಡವಾಗಿ ಬರುತ್ತಾರೆ. ಬಂದವರು ಸ್ವಾವಲಂಬನೆಯ ಬಗ್ಗೆ ಮಾತಾಡುತ್ತಾರೆ. ಒಬ್ಬಳು ಹುಡುಗಿ ವೇದಿಕೆಗೆ ಬಂದು ಅಳುಕುತ್ತ ಅನಿಸಿಕೆ ಹೇಳುತ್ತಾಳೆ. ಕೊನೆಗೆ ಸರ್ಟಿಫಿಕೇಟು, ಗುಂಪು ಫೋಟೊ, ಬಿರಿಯಾನಿ. ಮರುದಿನ ಜಿಲ್ಲಾ ಪುಟದಲ್ಲಿ ಸುದ್ದಿ.

ಇಂಥ ವೇದಿಕೆಗಳಲ್ಲಿ ನಾನೂ ಹಲವು ಸಲ ಕೂತಿದ್ದೇನೆ. ನಿವೃತ್ತ ಶಿಕ್ಷಕನೆಂಬ ಕಾರಣಕ್ಕೆ ನನ್ನನ್ನು ಕರೆಯುತ್ತಾರೆ. ಒಮ್ಮೆ ಕರೆದವರು ಇನ್ನೊಂದು ಕೆಲಸವನ್ನೂ ಒಪ್ಪಿಸಿದರು. ತರಬೇತಿಗೆ ಹಣ ಕೊಟ್ಟ ದಾನಿಗಳಿಗೆ ಒಂದು 'ಮೌಲ್ಯಮಾಪನ ವರದಿ' ಬೇಕಾಗಿತ್ತು. ಸಮಾರೋಪದ ದಿನವೇ ಒಂದು ಹಾಳೆ ಹಂಚಿದೆವು. ತರಬೇತಿ ಹೇಗಿತ್ತು? ಅತ್ಯುತ್ತಮ, ಉತ್ತಮ, ಸಾಧಾರಣ. ಕಲಿಸಿದವರು ಹೇಗೆ ಕಲಿಸಿದರು? ಸ್ಥಳ ಅನುಕೂಲವಾಗಿತ್ತೆ? ಬಹುಪಾಲು ಎಲ್ಲರೂ 'ಅತ್ಯುತ್ತಮ'ಕ್ಕೆ ಗುರುತು ಹಾಕಿದ್ದರು. ಹಾಕದೆ ಇನ್ನೇನು ಮಾಡಿಯಾರು? ಕಲಿಸಿದ ಟೀಚರು ಎದುರಿಗೇ ನಿಂತಿದ್ದರು, ಯಂತ್ರ ಇನ್ನೂ ಕೈಗೆ ಬಂದಿರಲಿಲ್ಲ. ನಾನು ಆ ಗುರುತುಗಳನ್ನೆಲ್ಲ ಕೂಡಿಸಿ, ತರಬೇತಿ ಯಶಸ್ವಿಯಾಗಿದೆ ಎಂದು ಬರೆದು ಸಹಿ ಮಾಡಿ ಕೊಟ್ಟೆ.

ಒಂದು ವರ್ಷದ ನಂತರ ಬೇರೇನೋ ಕೆಲಸಕ್ಕೆ ಅದೇ ಓಣಿಗೆ ಹೋಗಬೇಕಾಯಿತು. ಆ ತಂಡದಲ್ಲಿದ್ದ ಹೆಣ್ಣುಮಗಳೊಬ್ಬಳು ಗುರುತು ಹಿಡಿದು ಒಳಗೆ ಕರೆದಳು. ಯಂತ್ರ ಮೂಲೆಯಲ್ಲಿತ್ತು. ಅದರ ಮೇಲೊಂದು ಬೆಡ್‌ಶೀಟು, ಬೆಡ್‌ಶೀಟಿನ ಮೇಲೆ ಮಕ್ಕಳ ಶಾಲೆಯ ಚೀಲ. ನಾನು ನೋಡಿದ್ದನ್ನು ಅವಳೂ ನೋಡಿದಳು. "ಮಾರಲಿಲ್ಲ ಮೇಷ್ಟ್ರೇ, ಹಾಗೇ ಇಟ್ಟಿದ್ದೀನಿ. ಆದರೆ ನಡೆಸೋದಿಲ್ಲ. ಈ ಓಣಿಯಲ್ಲೇ ಹೊಲಿಯೋರು ಹತ್ತು ಮಂದಿ ಇದ್ದೀವಿ. ಯಾರ ಬ್ಲೌಸು ಯಾರು ಹೊಲೀಬೇಕು?" ಎಂದಳು. ಅವಳ ದನಿಯಲ್ಲಿ ದೂರು ಇರಲಿಲ್ಲ. ಇದ್ದ ವಿಷಯ ಹೇಳಿದಳು, ಅಷ್ಟೆ.

ಅದೇ ಓಣಿಯಲ್ಲಿ ಇನ್ನಿಬ್ಬರು ಸಿಕ್ಕರು. ಒಬ್ಬಳು ಚೆನ್ನಾಗಿ ದುಡಿಯುತ್ತಿದ್ದಳು. ನಮ್ಮ ವರದಿಯ ಮುಖಪುಟದಲ್ಲಿ ಅವಳದೇ ಫೋಟೊ ಇತ್ತು. ಮಾತಾಡುತ್ತ ಗೊತ್ತಾಯಿತು, ತಾಯಿಯ ಹತ್ತಿರ ಚಿಕ್ಕಂದಿನಲ್ಲೇ ಹೊಲಿಗೆ ಕಲಿತಿದ್ದ ಅವಳು ತರಬೇತಿಗೆ ಬಂದದ್ದು ಯಂತ್ರ ಸಿಗುತ್ತದೆಂದು. ಇನ್ನೊಬ್ಬಳು ಎರಡನೇ ತಿಂಗಳಿಗೇ ಬಿಟ್ಟವಳು. ಅವಳ ಅತ್ತೆಗೆ ಲಕ್ವ ಹೊಡೆದಿತ್ತು. "ಯಾಕೆ ಬಿಟ್ಟೆ ಅಂತ ಯಾರೂ ಕೇಳೋಕೆ ಬರಲಿಲ್ಲ" ಎಂದಳು. ಹೌದು, ಕೇಳಿರಲಿಲ್ಲ. ನನ್ನ ವರದಿಯಲ್ಲಿ ಅವಳು ಇರಲೇ ಇಲ್ಲ. ಮುಗಿಸಿದವರ ಪಟ್ಟಿಯನ್ನಷ್ಟೇ ನಾನು ನೋಡಿದ್ದೆ.

ಹಾಗಾದರೆ ಆ ವರದಿ ಸುಳ್ಳೆ? ಅದರಲ್ಲಿದ್ದ ಒಂದೊಂದು ಅಂಕಿಯೂ ನಿಜವಾಗಿತ್ತು. ಆದರೆ ಕೇಳಬೇಕಾದ ಪ್ರಶ್ನೆಯನ್ನೇ ನಾನು ಕೇಳಿರಲಿಲ್ಲ. ಈ ಲೇಖನ ಆ ಪ್ರಶ್ನೆಯ ಬಗ್ಗೆ. ಇದು ನನ್ನೊಬ್ಬನ ತಪ್ಪಾಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಸರಕಾರ, ಸಂಘಸಂಸ್ಥೆ, ಜಮಾಅತು, ಟ್ರಸ್ಟು ಎಲ್ಲರೂ ಇದೇ ತಪ್ಪನ್ನು ವರ್ಷ ವರ್ಷವೂ ಮಾಡುತ್ತಿದ್ದಾರೆ. ಅದರ ಬೆಲೆ ತೆರುತ್ತಿರುವವರು ಮಾತ್ರ ಆ ಓಣಿಯವರು.

ತರಬೇತಿಯನ್ನು ಅಳೆಯುವುದು ಹೇಗೆಂಬ ಪ್ರಶ್ನೆ ಹೊಸದೇನೂ ಅಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿದ್ದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಿಂದ ಬರೆದ ಲೇಖನಗಳಲ್ಲಿ ಇದನ್ನು ನಾಲ್ಕು ಮೆಟ್ಟಿಲುಗಳಾಗಿ ವಿಂಗಡಿಸಿದರು. ಮೊದಲನೆಯದು, ಬಂದವರಿಗೆ ತರಬೇತಿ ಹಿಡಿಸಿತೆ? ಎರಡನೆಯದು, ಅವರು ಏನಾದರೂ ಕಲಿತರೆ? ಮೂರನೆಯದು, ಕಲಿತದ್ದನ್ನು ಹಿಂತಿರುಗಿದ ಮೇಲೆ ಕೆಲಸದಲ್ಲಿ ಬಳಸುತ್ತಿದ್ದಾರೆಯೆ? ನಾಲ್ಕನೆಯದು, ಬಳಸಿದ್ದರಿಂದ ಫಲ ಸಿಕ್ಕಿತೆ? ಕಂಪೆನಿಗಳ ಮೇಲ್ವಿಚಾರಕರ ತರಬೇತಿಗೆಂದು ಹುಟ್ಟಿದ ಈ ಲೆಕ್ಕ ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ.

ತೊಂದರೆ ಏನೆಂದರೆ ಹೆಚ್ಚಿನವರು ಮೊದಲ ಮೆಟ್ಟಿಲಿನಲ್ಲೇ ಕೂತುಬಿಡುತ್ತಾರೆ. ಅದು ಸುಲಭ, ಅಗ್ಗ, ಅದೇ ದಿನ ಮುಗಿಯುತ್ತದೆ. ಹಿಡಿಸಿದ್ದರೆ ಕಲಿತಿರಬೇಕು, ಕಲಿತಿದ್ದರೆ ಬಳಸುತ್ತಿರಬೇಕು ಎಂದು ನಾವು ಊಹಿಸಿಕೊಳ್ಳುತ್ತೇವೆ. ಈ ಊಹೆಯನ್ನು ಪರೀಕ್ಷಿಸಿದವರಿದ್ದಾರೆ. 1997ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಮನಶ್ಶಾಸ್ತ್ರಜ್ಞರಿಗೆ ತರಬೇತಿ ಇಷ್ಟವಾಗುವುದಕ್ಕೂ ಅದರಿಂದ ಕಲಿಯುವುದಕ್ಕೂ ಹೆಚ್ಚಿನ ನಂಟು ಕಾಣಲಿಲ್ಲ. ಶಿಕ್ಷಕ ವೃತ್ತಿಯಲ್ಲಿದ್ದವರಿಗೆ ಇದು ಆಶ್ಚರ್ಯದ ಮಾತಲ್ಲ. ನಗಿಸುವ ಮೇಷ್ಟರ ತರಗತಿ ಎಲ್ಲರಿಗೂ ಇಷ್ಟ, ಪರೀಕ್ಷೆಯ ಕತೆ ಬೇರೆ.

ನಾನೇ ನನ್ನ ಸೇವಾವಧಿಯಲ್ಲಿ ಎಷ್ಟು ತರಬೇತಿಗಳಿಗೆ ಹೋಗಿಬಂದೆನೆಂಬ ಲೆಕ್ಕವಿಲ್ಲ. ರಾಜ್ಯಮಟ್ಟದಲ್ಲಿ ಕಲಿತವರು ಜಿಲ್ಲೆಯವರಿಗೆ, ಜಿಲ್ಲೆಯವರು ತಾಲೂಕಿನವರಿಗೆ, ತಾಲೂಕಿನವರು ನಮಗೆ ಹೇಳುತ್ತಿದ್ದರು. ಮೇಲಿನ ಟ್ಯಾಂಕಿನಿಂದ ಬಿಟ್ಟ ನೀರು ಕೊನೆಯ ನಲ್ಲಿಗೆ ಬರುವಾಗ ಹನಿಯಾಗುವಂತೆ ಆ ಕಲಿಕೆಯೂ ಆಗುತ್ತಿತ್ತು. ಹಾಜರಿ ಪುಸ್ತಕ ಮಾತ್ರ ಭರ್ತಿಯಾಗಿರುತ್ತಿತ್ತು. ಚೀನಾದ ಗ್ರಾಮೀಣ ಪ್ರದೇಶದಲ್ಲಿ ನಡೆದ ರಾಷ್ಟ್ರೀಯ ಶಿಕ್ಷಕ ತರಬೇತಿಯನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಆ ತರಬೇತಿಯಿಂದ ಮಕ್ಕಳ ಕಲಿಕೆಯಲ್ಲಿ ಯಾವ ಬದಲಾವಣೆಯೂ ಆಗಿರಲಿಲ್ಲ. ನಮ್ಮಲ್ಲೂ ಹೀಗೆ ಕೇಳಿದ್ದರೆ ಏನು ಉತ್ತರ ಬರುತ್ತಿತ್ತೋ!

ನಾಲ್ಕನೇ ಮೆಟ್ಟಿಲಿಗೆ ಹೋದರೂ ಒಂದು ಹಳ್ಳ ಕಾದಿರುತ್ತದೆ. ತರಬೇತಿಗೆ ಮೊದಲು ಇಷ್ಟು ದುಡಿಯುತ್ತಿದ್ದರು, ನಂತರ ಇಷ್ಟು ದುಡಿದರು, ಆದ್ದರಿಂದ ಹೆಚ್ಚಿದ್ದೆಲ್ಲ ತರಬೇತಿಯ ಫಲ ಎಂಬ ಲೆಕ್ಕವೇ ಆ ಹಳ್ಳ. ಅರ್ಥಶಾಸ್ತ್ರಜ್ಞ ಓರ್ಲಿ ಆಶೆನ್‌ಫೆಲ್ಟರ್ 1978ರಲ್ಲಿ ಒಂದು ವಿಷಯ ಗಮನಿಸಿದರು. ಅಮೆರಿಕದ ಸರಕಾರಿ ತರಬೇತಿಗೆ ಸೇರಿದವರ ಆದಾಯ ಸೇರುವುದಕ್ಕೆ ಸ್ವಲ್ಪ ಮೊದಲು ಕುಸಿದಿತ್ತು. ಇದರಲ್ಲಿ ವಿಚಿತ್ರವೇನಿದೆ? ಕೆಲಸ ಹೋದಾಗಲೇ ಅಲ್ಲವೆ ಮನುಷ್ಯ ತರಬೇತಿ ಹುಡುಕಿಕೊಂಡು ಬರುವುದು? ಆದರೆ ಇದರ ಅರ್ಥ ಆಳವಾದದ್ದು. ಕೆಟ್ಟ ಕಾಲದಲ್ಲಿ ಬಂದವರು ತರಬೇತಿ ಇಲ್ಲದಿದ್ದರೂ ಸ್ವಲ್ಪ ದಿನಕ್ಕೆ ಚೇತರಿಸಿಕೊಳ್ಳುತ್ತಿದ್ದರು. ಜ್ವರ ಏರಿದಾಗ ತಾಯಿತ ಕಟ್ಟಿಸಿಕೊಂಡು, ಇಳಿದಾಗ ತಾಯಿತದ ಮಹಿಮೆ ಎಂದ ಹಾಗೆ ನಮ್ಮ 'ಮೊದಲು-ನಂತರ'ದ ಲೆಕ್ಕ.

ಹಾಗಾದರೆ ಸರಿಯಾದ ಹೋಲಿಕೆ ಯಾರೊಂದಿಗೆ? ತರಬೇತಿ ಪಡೆದ ಹೆಣ್ಣುಮಗಳು ತರಬೇತಿ ಪಡೆಯದೆ ಇದ್ದಿದ್ದರೆ ಏನಾಗುತ್ತಿದ್ದಳೋ ಅದರೊಂದಿಗೆ. ಅದನ್ನು ನೋಡಲು ಯಾರಿಗೂ ಸಾಧ್ಯವಿಲ್ಲ. ಆದ್ದರಿಂದ ಅವಳಂಥವರೇ ಆದ, ಆದರೆ ತರಬೇತಿ ಸಿಗದ ಇನ್ನೊಂದು ಗುಂಪನ್ನು ನೋಡಬೇಕು. ಆ ಗುಂಪನ್ನು ನಾವೇ ಆರಿಸಿದರೆ ಮೋಸಹೋಗುತ್ತೇವೆ ಎಂದು ತೋರಿಸಿದವರು ರಾಬರ್ಟ್ ಲಾಲೋಂಡ್. 1986ರಲ್ಲಿ ಅವರು ಎಪ್ಪತ್ತರ ದಶಕದ ಒಂದು ಅಮೆರಿಕನ್ ತರಬೇತಿಯ ದಾಖಲೆಗಳನ್ನು ತೆಗೆದುಕೊಂಡರು. ಅಲ್ಲಿ ಅರ್ಜಿದಾರರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದ್ದರಿಂದ ನಿಜವಾದ ಫಲ ಎಷ್ಟೆಂದು ಗೊತ್ತಿತ್ತು. ಲಾಲೋಂಡ್ ಚೀಟಿಯಲ್ಲಿ ಸೋತವರನ್ನು ಬಿಟ್ಟು, ಬೇರೆ ಸಮೀಕ್ಷೆಗಳಿಂದ ಜನರನ್ನು ಆರಿಸಿ ಹೋಲಿಸಿ ನೋಡಿದರು. ಉತ್ತರ ಎಲ್ಲೆಲ್ಲಿಗೋ ಹೋಯಿತು. ಅಂದಿನಿಂದ ಈ ಕ್ಷೇತ್ರದಲ್ಲಿ ಚೀಟಿಯ ಲೆಕ್ಕಕ್ಕೆ ಬೆಲೆ ಬಂದಿತು.

ನಮ್ಮ ಓಣಿಗೆ ಹತ್ತಿರವಾದ ಒಂದು ಉದಾಹರಣೆಯಿದೆ. ದಿಲ್ಲಿಯ ಬಡ ಬಸ್ತಿಗಳಲ್ಲಿ ಎರಡು ಸ್ವಯಂಸೇವಾ ಸಂಸ್ಥೆಗಳು ಹೆಂಗಸರಿಗೆ ಆರು ತಿಂಗಳ ಹೊಲಿಗೆ ತರಬೇತಿ ನಡೆಸಿದವು. ಪುಷ್ಕರ್ ಮೈತ್ರ ಮತ್ತು ಸುಭಾ ಮಣಿ ಎಂಬ ಅರ್ಥಶಾಸ್ತ್ರಜ್ಞರು ಅದನ್ನು ಅಧ್ಯಯನ ಮಾಡಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಅರ್ಜಿ ಹಾಕಿದವರಲ್ಲಿ ಯಾರಿಗೆ ಸೀಟು ಎಂಬುದನ್ನು ಅದೃಷ್ಟಕ್ಕೆ ಬಿಡಲಾಗಿತ್ತು. ತರಬೇತಿ ಮುಗಿದು ಆರು ತಿಂಗಳಿಗೊಮ್ಮೆ, ಹದಿನೆಂಟು ತಿಂಗಳಿಗೊಮ್ಮೆ ಎರಡೂ ಗುಂಪಿನವರನ್ನು ಹುಡುಕಿ ಮಾತಾಡಿಸಿದರು. ಸೀಟು ಸಿಕ್ಕೂ ನಡುವೆ ಬಿಟ್ಟವರನ್ನು ಲೆಕ್ಕದಿಂದ ಹೊರಗಿಡಲಿಲ್ಲ. ನನ್ನ ವರದಿಯಲ್ಲಿ ಇಲ್ಲದಿದ್ದ ಆ ಹೆಣ್ಣುಮಗಳು ಅವರ ವರದಿಯಲ್ಲಿ ಇರುತ್ತಿದ್ದಳು.

ಅವರು ಕಂಡದ್ದೇನು? ಸೀಟು ಸಿಕ್ಕವರು ತಿಂಗಳಿಗೆ ಗಳಿಸುತ್ತಿದ್ದದ್ದು ಸಿಗದವರಿಗಿಂತ ಶೇಕಡಾ 150ರಷ್ಟು ಹೆಚ್ಚು. ಈ ಅಂಕಿಯೊಂದೇ ಸಿಕ್ಕರೆ ನಮ್ಮ ಸಮಾರೋಪದ ಅತಿಥಿಗಳು ಅದನ್ನು ಫ್ಲೆಕ್ಸಿನಲ್ಲೇ ಅಚ್ಚು ಹಾಕಿಸಿಯಾರು. ಆದರೆ ಅದೇ ಅಧ್ಯಯನದ ಇನ್ನೊಂದು ಅಂಕಿ ನೋಡಿ. ಕೆಲಸದಲ್ಲಿರುವ ಸಾಧ್ಯತೆ ಸೀಟು ಸಿಕ್ಕವರಲ್ಲಿ ನೂರಕ್ಕೆ 6ರಷ್ಟು ಹೆಚ್ಚಿತ್ತು. ಅಂದರೆ ಸೀಟು ಸಿಕ್ಕ ನೂರು ಮಂದಿಯನ್ನು ಸಿಗದ ನೂರು ಮಂದಿಯ ಪಕ್ಕದಲ್ಲಿ ನಿಲ್ಲಿಸಿದರೆ ಆರು ಮಂದಿ ಹೆಚ್ಚಾಗಿ ದುಡಿಯುತ್ತಿದ್ದರು. ಎರಡೂ ಅಂಕಿ ನಿಜವಾಗುವುದು ಹೇಗೆ? ಬಹುಪಾಲು ಹೆಂಗಸರಿಗೆ ಸ್ವಂತ ಗಳಿಕೆಯೇ ಇಲ್ಲದ ಕಡೆ ಸರಾಸರಿ ಬಹಳ ಸಣ್ಣದಿರುತ್ತದೆ. ಸಣ್ಣದರ ಮೇಲೆ ಸ್ವಲ್ಪ ಸೇರಿದರೂ ಶೇಕಡಾವಾರು ಆಕಾಶಕ್ಕೇರುತ್ತದೆ. ಶೇಕಡಾ ಎಂಬ ಪದ ಕೇಳಿದ ಕೂಡಲೇ 'ಯಾವುದರ ಶೇಕಡಾ?' ಎಂದು ಕೇಳುವುದನ್ನು ನಮ್ಮ ಸಂಘಟಕರು ಕಲಿಯಬೇಕು.

ಹಾಗೆಂದು ಈ ಆರನ್ನು ಹಗುರವಾಗಿ ನೋಡಲಾರೆ. ಆ ಫಲ ಹದಿನೆಂಟು ತಿಂಗಳ ನಂತರವೂ ಕರಗದೆ ಉಳಿದಿತ್ತು. ಜಗತ್ತಿನ ಲೆಕ್ಕದಲ್ಲಿ ಇದು ಒಳ್ಳೆಯ ಸಾಧನೆಯೇ. ವಿಶ್ವಬ್ಯಾಂಕಿನ ಅರ್ಥಶಾಸ್ತ್ರಜ್ಞ ಡೇವಿಡ್ ಮೆಕೆಂಜಿ ಬಡ ಹಾಗೂ ಮಧ್ಯಮ ಆದಾಯದ ದೇಶಗಳಲ್ಲಿ ಇದೇ ರೀತಿ ಚೀಟಿ ಎತ್ತಿ ಪರೀಕ್ಷಿಸಿದ ವೃತ್ತಿ ತರಬೇತಿಗಳನ್ನು 2017ರಲ್ಲಿ ಒಟ್ಟಾಗಿ ನೋಡಿದರು. ತರಬೇತಿಯ ಅವಕಾಶ ಸಿಕ್ಕ ನೂರು ಮಂದಿಯಲ್ಲಿ ಹೆಚ್ಚಾಗಿ ಕೆಲಸ ಕಂಡವರು ಸರಾಸರಿ ಎರಡು ಮೂರು ಮಂದಿ ಮಾತ್ರ. ಉಳಿದವರಲ್ಲಿ ಕೆಲಸ ಸಿಕ್ಕವರಿಗೆ ತರಬೇತಿ ಇಲ್ಲದೆಯೂ ಸಿಗುತ್ತಿತ್ತು, ಸಿಗದವರಿಗೆ ತರಬೇತಿಯಿಂದಲೂ ಸಿಗಲಿಲ್ಲ. ಇದನ್ನು ಓದಿದಾಗ ನನಗೆ ಮುಖಪುಟದ ಹುಡುಗಿಯೂ ಬೆಡ್‌ಶೀಟಿನ ಕೆಳಗಿನ ಯಂತ್ರವೂ ಒಟ್ಟಿಗೇ ನೆನಪಾದವು.

ಚೆನ್ನಾಗಿ ನಡೆದ ಉದಾಹರಣೆಗಳೂ ಇವೆ. ಕೊಲಂಬಿಯಾ ದೇಶದಲ್ಲಿ ಬಡ ಯುವಜನರಿಗೆ ಮೂರು ತಿಂಗಳು ತರಗತಿ, ಮೂರು ತಿಂಗಳು ನಿಜವಾದ ಕಂಪೆನಿಯಲ್ಲಿ ಕೆಲಸ ಎಂಬ ಯೋಜನೆ ನಡೆಯಿತು. ಅದರಲ್ಲಿ ಸೀಟು ಸಿಕ್ಕ ಯುವತಿಯರ ಗಳಿಕೆ ಸಿಗದವರಿಗಿಂತ ಸುಮಾರು ಶೇಕಡಾ 20ರಷ್ಟು ಹೆಚ್ಚಿತು. ದಿಲ್ಲಿಯ ಅಧ್ಯಯನವೂ ಒಂದು ಪಾಠ ಹೇಳುತ್ತದೆ. ಹೆಂಗಸರು ತರಬೇತಿ ಪೂರೈಸಲು ಅಡ್ಡಿಯಾದದ್ದು ಸಾಲದ ಅಭಾವ, ಕೇಂದ್ರದ ದೂರ ಮತ್ತು ಮಕ್ಕಳನ್ನು ನೋಡಿಕೊಳ್ಳುವವರಿಲ್ಲದಿರುವುದು. ಆಸಕ್ತಿಯಿಲ್ಲ, ಶಿಸ್ತಿಲ್ಲ ಎಂದು ನಾವು ಹೆಂಗಸರ ಮೇಲೆ ಹೊರಿಸುವ ಆರೋಪಕ್ಕೆ ಇದೇ ಉತ್ತರ. ತರಬೇತಿ ಕೇಂದ್ರದ ಪಕ್ಕದಲ್ಲಿ ಮಕ್ಕಳಿಗೊಂದು ಕೋಣೆ, ನೋಡಿಕೊಳ್ಳಲು ಒಬ್ಬ ಅಜ್ಜಿ ಇದ್ದಿದ್ದರೆ ಎಷ್ಟು ಮಂದಿ ಉಳಿಯುತ್ತಿದ್ದರೆಂದು ನಾವು ಯಾವತ್ತಾದರೂ ಕೇಳಿದ್ದೇವೆಯೆ?

ಇನ್ನು ಸರಕಾರದ ಕಡೆ ನೋಡೋಣ. 2015ರ ಜುಲೈನಲ್ಲಿ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ ಶುರುವಾಯಿತು. ಗುರಿಗಳು ಲಕ್ಷ, ಕೋಟಿಗಳಲ್ಲಿದ್ದವು. ಈಗಾಗಲೇ ಕೆಲಸ ಗೊತ್ತಿರುವ ಕಾರ್ಮಿಕರಿಗೆ ಕೆಲವು ಗಂಟೆಗಳ ತಿಳಿವಳಿಕೆ ಕೊಟ್ಟು ಪ್ರಮಾಣಪತ್ರ ಕೊಡುವ ಭಾಗವೂ ಅದರಲ್ಲಿತ್ತು. ಮೂವತ್ತು ವರ್ಷ ಗಾರೆ ಕೆಲಸ ಮಾಡಿದವನಿಗೆ ಗಾರೆ ಕೆಲಸ ಬರುತ್ತದೆಂದು ಬರೆದುಕೊಡುವುದು ತಪ್ಪಲ್ಲ. ಅವನ ವಿದ್ಯೆಗೆ ಸಿಕ್ಕ ಮಾನ್ಯತೆ ಅದು. ಆದರೆ ಅವನನ್ನೂ 'ತರಬೇತಿ ಪಡೆದವರ' ಒಟ್ಟು ಸಂಖ್ಯೆಯಲ್ಲಿ ಸೇರಿಸಿ ಭಾಷಣ ಮಾಡಿದರೆ ಅದು ಮೌಲ್ಯಮಾಪನವಾಗುವುದಿಲ್ಲ. 2016ರಲ್ಲಿ ರಚನೆಯಾದ ಶಾರದಾ ಪ್ರಸಾದ್ ಸಮಿತಿ ಗುರಿ ಮುಟ್ಟುವ ಆತುರವನ್ನೂ, ಉದ್ಯಮದ ಕೌಶಲ ಮಂಡಳಿಗಳಲ್ಲಿನ ಹಿತಾಸಕ್ತಿಯ ಘರ್ಷಣೆಯನ್ನೂ ಟೀಕಿಸಿತ್ತು. ಆ ಎಚ್ಚರಿಕೆಯ ನಂತರವೂ ಯೋಜನೆ ಹಂತದಿಂದ ಹಂತಕ್ಕೆ ಮುಂದುವರಿಯಿತು.

2025ರ ಡಿಸೆಂಬರಿನಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ ವರದಿ ಈ ಯೋಜನೆಯ ಮೊದಲ ಮೂರು ಹಂತಗಳ ದಾಖಲೆಗಳನ್ನು ತೆರೆದು ನೋಡಿತು. ಅಭ್ಯರ್ಥಿಗಳ ಬ್ಯಾಂಕ್ ಖಾತೆ ಬರೆಯಬೇಕಾದ ಜಾಗದಲ್ಲಿ ನೂರಕ್ಕೆ 94ಕ್ಕೂ ಹೆಚ್ಚು ದಾಖಲೆಗಳಲ್ಲಿ ಸೊನ್ನೆಯಿತ್ತು, ಇಲ್ಲವೇ ಖಾಲಿಯಿತ್ತು. ಒಂದೇ ಫೋಟೊ ಬೇರೆ ಬೇರೆಯವರ ಹೆಸರಿಗೆ ಅಂಟಿಕೊಂಡಿತ್ತು. ಅಲ್ಪಾವಧಿ ತರಬೇತಿ ಮತ್ತು ವಿಶೇಷ ಯೋಜನೆಗಳಲ್ಲಿ ಪ್ರಮಾಣಪತ್ರ ಪಡೆದವರ ಪೈಕಿ ಕೆಲಸಕ್ಕೆ ಸೇರಿದರೆಂದು ದಾಖಲಾದವರು ನೂರಕ್ಕೆ ಸುಮಾರು 41. ಇದನ್ನು ಹಗರಣವೆಂದಷ್ಟೇ ಓದಿದರೆ ಅರ್ಧ ಓದಿದಂತೆ. ಖಾತೆಯ ಸಂಖ್ಯೆ, ಸಂಪರ್ಕದ ವಿಳಾಸ ಇಲ್ಲದ ಮನುಷ್ಯನನ್ನು ವರ್ಷದ ನಂತರ ಹುಡುಕುವುದು ಹೇಗೆ? ಹುಡುಕುವ ಇರಾದೆ ಮೊದಲಿನಿಂದಲೂ ಇರಲಿಲ್ಲವೆಂಬುದನ್ನೇ ಆ ಖಾಲಿ ಜಾಗ ಹೇಳುತ್ತದೆ.

ಅಲ್ಪಸಂಖ್ಯಾತರಿಗೆಂದೇ 2013ರಲ್ಲಿ ಬಂದ 'ಸೀಖೋ ಔರ್ ಕಮಾವೋ' ಯೋಜನೆಯಲ್ಲಿ ತರಬೇತಿ ಪಡೆದವರ ಪೈಕಿ ಕನಿಷ್ಠ ಶೇಕಡಾ 75 ಮಂದಿಗೆ ಕೆಲಸ ಕೊಡಿಸಬೇಕೆಂಬ ಷರತ್ತಿತ್ತು. ಅದರಲ್ಲೂ ಅರ್ಧದಷ್ಟು ಸಂಘಟಿತ ವಲಯದಲ್ಲಿ. ಈ ಯೋಜನೆ ಈಗ ಇತರ ಯೋಜನೆಗಳೊಂದಿಗೆ ಪಿಎಂ ವಿಕಾಸ್‌ನಲ್ಲಿ ಸೇರಿಹೋಗಿದೆ. ಷರತ್ತು ಕೇಳಲು ಚೆಂದ. ಆದರೆ ಸಂಸ್ಥೆಯ ಹಣ ಷರತ್ತಿನ ಮೇಲೆ ನಿಂತಾಗ ಅದು ಯಾರನ್ನು ಸೇರಿಸಿಕೊಳ್ಳುತ್ತದೆ? ಪಿಯುಸಿ ಮುಗಿಸಿದ, ಮನೆಯಿಂದ ಹೊರಗೆ ಹೋಗಲು ಅಡ್ಡಿಯಿಲ್ಲದ, ನಾಲ್ಕು ಮಾತು ಚೆನ್ನಾಗಿ ಆಡಬಲ್ಲ ಹುಡುಗಿಯನ್ನು. ಅಂದರೆ ಹೇಗಾದರೂ ಕೆಲಸ ಸಿಗುವವಳನ್ನು. ಐದನೇ ತರಗತಿಗೆ ಶಾಲೆ ಬಿಟ್ಟ ಬೀಡಿ ಕಟ್ಟುವವಳು ಬಾಗಿಲಲ್ಲೇ ಉಳಿಯುತ್ತಾಳೆ. ಅಮೆರಿಕದಲ್ಲಿ 1982ರ ಉದ್ಯೋಗ ತರಬೇತಿ ಕಾಯಿದೆಯಡಿ ಇದೇ ಬಗೆಯ ಮಾನದಂಡಗಳಿದ್ದವು. ಮುಗಿದ ಕೆಲವೇ ವಾರಗಳಲ್ಲಿ ಎಷ್ಟು ಮಂದಿಗೆ ಕೆಲಸ ಸಿಕ್ಕಿತೆಂಬ ಆ ಲೆಕ್ಕಕ್ಕೂ, ತರಬೇತಿಯಿಂದ ಆದ ನಿಜವಾದ ಲಾಭಕ್ಕೂ ಹೆಚ್ಚಿನ ಸಂಬಂಧವಿಲ್ಲವೆಂದು ಮುಂದೆ ಅದನ್ನು ಅಧ್ಯಯನ ಮಾಡಿದ ಜೇಮ್ಸ್ ಹೆಕ್ಮನ್ ಮತ್ತಿತರರು ತೋರಿಸಿದರು. ತಪ್ಪು ಅಳತೆಗೋಲು ತಪ್ಪು ಉತ್ತರ ಕೊಡುವುದಷ್ಟೇ ಅಲ್ಲ, ತಪ್ಪು ಜನರನ್ನು ಒಳಗೆ ಬಿಟ್ಟುಕೊಂಡು ಸರಿಯಾದವರನ್ನು ಹೊರಗಿಡುತ್ತದೆ.

ನಮ್ಮ ನಾಡಿನಲ್ಲೇ ಇದಕ್ಕಿಂತ ಉತ್ತಮವಾದ ಒಂದು ರೂಢಿ ಹುಟ್ಟಿದೆ ಎಂಬುದನ್ನು ಮರೆಯಬಾರದು. 1982ರಲ್ಲಿ ಧರ್ಮಸ್ಥಳದ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆಯನ್ನು ಆರಂಭಿಸಿದವು. ನಿರುದ್ಯೋಗಿ ಯುವಕರಿಗೆ ಅಲ್ಪಾವಧಿಯ ವಸತಿ ತರಬೇತಿ, ಆಮೇಲೆ ಬ್ಯಾಂಕಿನ ಸಾಲಕ್ಕೆ ದಾರಿ, ಆಮೇಲೆ ಬೆನ್ನು ಹತ್ತಿ ವಿಚಾರಿಸುವುದು ಅದರ ಕ್ರಮ. ಈ ಮಾದರಿಯನ್ನೇ ಮುಂದಿಟ್ಟುಕೊಂಡು ದೇಶದ ಜಿಲ್ಲೆಗಳಲ್ಲಿ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು ಬಂದವು. ಎರಡು ವರ್ಷ ಹಿಂಬಾಲಿಸಿ, ಎಷ್ಟು ಮಂದಿ ಸ್ವಂತ ಕಾಲ ಮೇಲೆ ನಿಂತರೆಂದು ಅಲ್ಲಿ ಬರೆದಿಡುತ್ತಾರೆ. ಸಮಾರೋಪದ ದಿನವೇ ಪುಸ್ತಕ ಮುಚ್ಚುವ ನಮಗಿಂತ ಇದು ಬಹಳ ಮುಂದಿನ ಮಾತು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಅಂಗಡಿ ಹಾಕಲು ಮೊದಲೇ ನಿಶ್ಚಯಿಸಿದ ಯುವಕ ಅಲ್ಲಿಗೆ ಬಂದಿದ್ದರೆ ಅವನು ನೆಲೆಯೂರಿದ್ದರಲ್ಲಿ ತರಬೇತಿಯ ಪಾಲೆಷ್ಟು? ಸೀಟು ಸಿಗದೆ ಹಿಂತಿರುಗಿದವನನ್ನೂ ಎರಡು ವರ್ಷದ ನಂತರ ವಿಚಾರಿಸಿದರೆ ಮಾತ್ರ ಇದಕ್ಕೆ ಉತ್ತರ ಸಿಕ್ಕೀತು.

ಇಷ್ಟು ಹೊತ್ತು ಹೇಗೆ ಅಳೆಯಬೇಕೆಂಬ ಮಾತಾಯಿತು. ಅದಕ್ಕಿಂತ ಹಿಂದಿನ ಪ್ರಶ್ನೆಯೊಂದಿದೆ. ಈ ತರಬೇತಿಯನ್ನೇ ಇವರಿಗೆ ಕೊಡಬೇಕೆಂದು ಯಾರು ನಿರ್ಧರಿಸಿದರು? 2006ರ ನವೆಂಬರಿನಲ್ಲಿ ಬಂದ ಸಾಚಾರ್ ಸಮಿತಿಯ ವರದಿ ದುಡಿಯುವ ಮುಸ್ಲಿಂ ಹೆಂಗಸರಲ್ಲಿ ನೂರಕ್ಕೆ 70 ಮಂದಿ ಮನೆಯೊಳಗೇ ಕೂತು ಕೆಲಸ ಮಾಡುವವರೆಂದು ಹೇಳಿತ್ತು. ಒಟ್ಟು ಹೆಂಗಸರಲ್ಲಿ ಈ ಪ್ರಮಾಣ 51. ಮನೆಯೊಳಗಿನ ಕೆಲಸವೆಂದರೆ ಮಧ್ಯವರ್ತಿ ಹೇಳಿದ ಕೂಲಿ, ಲೆಕ್ಕವಿಲ್ಲದ ಗಂಟೆ, ರಜೆಯಿಲ್ಲದ ದಿನ. ಇಂಥ ಸ್ಥಿತಿಯನ್ನು ಬದಲಿಸಲು ಹೊರಟ ನಾವು ಕೊಡುತ್ತಿರುವುದು ಮತ್ತೆ ಮನೆಯೊಳಗೇ ಕೂರಿಸುವ ಹೊಲಿಗೆ, ಮೆಹಂದಿ, ಬ್ಯೂಟಿಷಿಯನ್ ತರಬೇತಿ. ಕೊಡುವುದು ಸುಲಭ, ಮನೆಯವರೂ ಒಪ್ಪುತ್ತಾರೆ, ಫೋಟೊ ಚೆನ್ನಾಗಿ ಬರುತ್ತದೆ.

ಹೊಲಿಗೆಯಲ್ಲೇ ಕೆಲಸವಿದೆ ಎಂದಿಟ್ಟುಕೊಳ್ಳೋಣ. ಎಲ್ಲಿದೆ? ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿದೆ. ಅಲ್ಲಿ ಒಬ್ಬಳು ಇಡೀ ಶರ್ಟು ಹೊಲಿಯುವುದಿಲ್ಲ. ಒಬ್ಬಳು ಕಾಲರು, ಒಬ್ಬಳು ಜೇಬು, ಒಬ್ಬಳು ತೋಳು. ಕರೆಂಟಿನ ವೇಗದ ಯಂತ್ರದ ಮೇಲೆ ಗಂಟೆಗಿಷ್ಟು ಎಂಬ ಲೆಕ್ಕ. ಕಾಲಿನಿಂದ ತುಳಿಯುವ ಯಂತ್ರದಲ್ಲಿ ಬ್ಲೌಸು ಕಲಿತವಳು ಅಲ್ಲಿಗೆ ಹೋದರೆ ಮತ್ತೆ ಮೊದಲಿನಿಂದ ಕಲಿಯಬೇಕು. ಹೋಗದೆ ಊರಲ್ಲೇ ಉಳಿದರೆ ಓಣಿಯ ಹನ್ನೊಂದನೇ ದರ್ಜಿಯಾಗಬೇಕು. ಹನ್ನೊಂದನೆಯವಳಿಗೆ ಗಿರಾಕಿ ಸಿಕ್ಕರೆ ಅದು ಹತ್ತನೆಯವಳಿಂದ ಬಂದ ಗಿರಾಕಿ. ಫ್ರಾನ್ಸಿನಲ್ಲಿ ಕೆಲಸ ಹುಡುಕುವ ಯುವಜನರಿಗೆ ನೆರವು ಕೊಟ್ಟ ಯೋಜನೆಯೊಂದನ್ನು 235 ಊರು-ಪಟ್ಟಣಗಳ ವಲಯಗಳಲ್ಲಿ ಪರೀಕ್ಷಿಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ನೆರವು ಸಿಕ್ಕವರು ಪಡೆದ ಲಾಭದ ಒಂದು ಭಾಗ ನೆರವು ಸಿಗದವರಿಂದ ಕಿತ್ತುಕೊಂಡದ್ದಾಗಿತ್ತು. ಕೆಲಸಗಳೇ ಕಡಿಮೆಯಿರುವ ಕಡೆ ಇದು ಹೆಚ್ಚು. 'ಯಾರ ಬ್ಲೌಸು ಯಾರು ಹೊಲೀಬೇಕು?' ಎಂದು ಆ ಹೆಣ್ಣುಮಗಳು ಕೇಳಿದ್ದು ಇದನ್ನೇ. ಅರ್ಥಶಾಸ್ತ್ರದ ಪುಸ್ತಕ ಓದದೆ ಅವಳು ಒಂದು ಸಾಲಿನಲ್ಲಿ ಹೇಳಿದ್ದಳು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಎಲ್ಲವನ್ನೂ ರೂಪಾಯಿಯಲ್ಲಿ ಅಳೆಯಬೇಕೆ? ಮನೆಯ ಹೊಸ್ತಿಲು ದಾಟದಿದ್ದವಳು ಆರು ತಿಂಗಳು ದಿನಾ ಹೊರಗೆ ಬಂದಳು, ಗೆಳತಿಯರನ್ನು ಕಂಡಳು, ಬಸ್ಸು ಹತ್ತುವುದನ್ನು ಕಲಿತಳು, ಬ್ಯಾಂಕಿಗೆ ಹೋಗಿ ತನ್ನ ಹೆಸರಲ್ಲಿ ಖಾತೆ ತೆರೆದಳು. ಇದಕ್ಕೆ ಬೆಲೆಯಿಲ್ಲವೆ? ಇದೆ, ಬಹಳ ಇದೆ. ಈ ಮಾತನ್ನು ನಾನು ಪೂರ್ಣ ಒಪ್ಪುತ್ತೇನೆ. ಮಕ್ಕಳ ಬಟ್ಟೆಯನ್ನು ತಾನೇ ಹೊಲಿದು ಹಬ್ಬಕ್ಕೆ ನಾಲ್ಕು ಕಾಸು ಉಳಿಸಿದ್ದೂ ಗಳಿಕೆಯೇ. ಆದರೆ ಹಾಗಿದ್ದರೆ ಅದೇ ನಮ್ಮ ಉದ್ದೇಶವೆಂದು ಮೊದಲೇ ಹೇಳೋಣ, ಅದನ್ನೇ ಕೇಳಿ ಬರೆಯೋಣ. ವರ್ಷದ ನಂತರವೂ ಅವಳು ಹೊರಗೆ ಬರುತ್ತಿದ್ದಾಳೆಯೆ? ಖಾತೆಯನ್ನು ಅವಳೇ ನಡೆಸುತ್ತಿದ್ದಾಳೆಯೆ? ಉದ್ಯೋಗದ ಹೆಸರಿನಲ್ಲಿ ಹಣ ಎತ್ತಿ, ಉದ್ಯೋಗ ಸಿಗದಾಗ ಆತ್ಮವಿಶ್ವಾಸ ಬಂತಲ್ಲ ಎಂದು ಜಾರಿಕೊಳ್ಳುವುದು ಮಾತ್ರ ಸಲ್ಲದು.

ಅಳೆಯಲು ದುಡ್ಡೆಲ್ಲಿದೆ, ತಜ್ಞರೆಲ್ಲಿದ್ದಾರೆ ಎಂದು ಸಣ್ಣ ಸಂಸ್ಥೆಗಳು ಕೇಳುತ್ತವೆ. ದಿಲ್ಲಿಯಂಥ ಅಧ್ಯಯನವನ್ನು ಪ್ರತಿ ಜಮಾಅತೂ ಮಾಡಲಾರದು, ನಿಜ. ಆದರೆ ಒಂದು ನೋಟ್‌ಬುಕ್ಕು ಸಾಕು. ಸೇರುವ ದಿನವೇ ಪ್ರತಿಯೊಬ್ಬರಿಗೂ ಮೊದಲು ಹೊಲಿಗೆ ಬರುತ್ತಿತ್ತೆ, ತಿಂಗಳಿಗೆ ಎಷ್ಟು ಗಳಿಸುತ್ತಿದ್ದರು ಎಂದು ಬರೆದುಕೊಳ್ಳಬೇಕು. ನಡುವೆ ಬಿಟ್ಟವರ ಹೆಸರು ಹೊಡೆದು ಹಾಕದೆ, ಕಾರಣದೊಂದಿಗೆ ಉಳಿಸಿಕೊಳ್ಳಬೇಕು. ಆರು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಮನೆಗೆ ಹೋಗಿ ಕೇಳಬೇಕು. ಕೇಳಲು ಹೋಗುವವರು ಕಲಿಸಿದವರಾಗಿರಬಾರದು, ಯಂತ್ರ ಕೊಟ್ಟವರೂ ಆಗಿರಬಾರದು. ಕಾಲೇಜಿನ ಹುಡುಗಿಯರನ್ನು ಕಳಿಸಿದರೆ ಅವರೂ ಕಲಿಯುತ್ತಾರೆ.

ಇನ್ನೊಂದು ಮುಖ್ಯ ಮಾತು. ಮೂವತ್ತು ಸೀಟಿಗೆ ಅರವತ್ತು ಅರ್ಜಿ ಬಂದಾಗ ನಾವು ಏನು ಮಾಡುತ್ತೇವೆ? ಸಮಿತಿಯವರಿಗೆ ಪರಿಚಯ ಇದ್ದವರಿಗೆ ಕೊಡುತ್ತೇವೆ. ಇದರ ಬದಲು ಎಲ್ಲರ ಎದುರಿಗೆ ಚೀಟಿ ಎತ್ತಿದರೆ ಎರಡು ಲಾಭ. ಪಕ್ಷಪಾತದ ದೂರು ನಿಲ್ಲುತ್ತದೆ. ಸೀಟು ಸಿಗದ ಮೂವತ್ತು ಮಂದಿ ನಮ್ಮ ಹೋಲಿಕೆಯ ಗುಂಪಾಗುತ್ತಾರೆ. ಅವರ ಮನೆಗೂ ವರ್ಷದ ನಂತರ ಹೋಗಿಬರಬೇಕು. ಒಂದೇ ತಂಡದ ಲೆಕ್ಕದಿಂದ ದೊಡ್ಡ ತೀರ್ಮಾನಕ್ಕೆ ಬರಲಾಗದು. ಆದರೆ ಐದಾರು ವರ್ಷ, ಹತ್ತಾರು ತಂಡ ಹೀಗೆ ಬರೆದಿಟ್ಟರೆ ಯಾವ ತರಬೇತಿ ನಿಲ್ಲಿಸಬೇಕು, ಯಾವುದನ್ನು ಬೆಳೆಸಬೇಕು ಎಂಬುದು ತಾನಾಗಿ ಕಾಣುತ್ತದೆ. ದಾನಿಗಳೂ ಸ್ವಲ್ಪ ಬದಲಾಗಬೇಕು. ಸೋಲನ್ನು ಪ್ರಾಮಾಣಿಕವಾಗಿ ಬರೆದವರಿಗೆ ಮುಂದಿನ ವರ್ಷ ಹಣ ನಿಲ್ಲಿಸಿದರೆ ಎಲ್ಲರೂ 'ಅತ್ಯುತ್ತಮ' ಎಂದೇ ಬರೆಯುತ್ತಾರೆ. ಝಕಾತಿನ ಹಣವಾಗಲಿ ತೆರಿಗೆಯ ಹಣವಾಗಲಿ, ಅದು ಇನ್ನೊಬ್ಬರ ಹಕ್ಕಿನ ಹಣ. ತಲುಪಿತೆ ಎಂದು ಕೇಳುವುದು ಕೊಟ್ಟವರ ಹೊಣೆಯೂ ಹೌದು.

ಆ ಓಣಿಯಿಂದ ಬಂದ ಮೇಲೆ ನಾನು ಸಂಘಟಕರಿಗೆ ನನ್ನ ಹಳೆಯ ವರದಿಯ ಜೊತೆಗೆ ಇಡಲು ಎರಡು ಪುಟ ಬರೆದುಕೊಟ್ಟೆ. ಮೂಲೆಯಲ್ಲಿರುವ ಯಂತ್ರದ ಬಗ್ಗೆ, ಮೊದಲೇ ಹೊಲಿಗೆ ಗೊತ್ತಿದ್ದ ಹುಡುಗಿಯ ಬಗ್ಗೆ, ಅತ್ತೆಗೆ ಲಕ್ವ ಹೊಡೆದವಳ ಬಗ್ಗೆ. ಅವರು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇದನ್ನು ಕಳಿಸಿದರೆ ಮುಂದಿನ ಬ್ಯಾಚಿಗೆ ದುಡ್ಡು ಬರಲ್ಲ ಮೇಷ್ಟ್ರೇ" ಎಂದರು. ಅವರು ಕೆಟ್ಟವರಲ್ಲ, ಓಡಾಡಿ ದುಡಿಯುವವರು. ಅವರ ಮಾತಿನಲ್ಲಿ ನಿಜವೂ ಇತ್ತು. ಕಳಿಸಿದರೋ ಇಲ್ಲವೋ ನಾನು ಕೇಳಿಲ್ಲ. ಆದರೆ ಮುಂದಿನ ಸಮಾರೋಪಕ್ಕೆ ಕರೆಯಲು ಬಂದಾಗ ಒಂದು ಷರತ್ತು ಹಾಕಿದೆ. ವೇದಿಕೆಗೆ ಬರುತ್ತೇನೆ, ಸರ್ಟಿಫಿಕೇಟೂ ಕೊಡುತ್ತೇನೆ, ಆದರೆ ಮೊದಲು ಕಳೆದ ವರ್ಷದವರ ಮನೆಗಳಿಗೆ ಹೋಗಿ ಬರೋಣ ಎಂದೆ. ಒಪ್ಪಿದ್ದಾರೆ. ನೋಟ್‌ಬುಕ್ಕು ನಾನೇ ತಂದಿಟ್ಟಿದ್ದೇನೆ. ಮೊದಲ ಪುಟದಲ್ಲಿ ಬರೆದಿರುವುದು ಎರಡನೇ ತಿಂಗಳಿಗೆ ಬಿಟ್ಟುಹೋದವಳ ಹೆಸರು.